ದಣಿಯದ ವಲೆಂಟೈನ್

ಮ್ಯಾನೇಜರ್ ಪೊಡಿಯಬ್ಬರಿಗೆ ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದೇ ತಪ್ಪಾಯಿತು. ಉಳ್ಳಾಲದ ಆ ಅರವತ್ತರ ಮನುಷ್ಯ ರಿಯಾದಿನ ಫುಟ್‌ಪಾತುಗಳನ್ನೆಲ್ಲ ಸವೆಸಿ ಮುಗಿಸಿ, ಈಗ ಊರಾಚೆಯ ಮರಳುಗಾಡಿನ ಕಣಿವೆಗಳಿಗೆ ಕೈ ಹಾಕಿದ್ದರು. ಗುರುವಾರ ಸಂಜೆ ಅವರು ಸ್ಟೋರ್ಸಿನ ವಲೆಂಟೈನ್‌ನ ಮೇಜಿನ ಬಳಿ ಬಂದು ನಿಂತರು.

"ಕಣಿವೆಯೊಳಗೆ ಒಂದು ಒರತೆ ಉಂಟು. ಹೋಗಿ ಬರ್ಲಿಕ್ಕೆ ಏಳು ಕಿಲೋಮೀಟರ್. ಶನಿವಾರ ಬರ್ತೀಯಾ?"

ಎರಡನೇ ಮಹಡಿ ಹತ್ತಿದರೆ ಐದು ನಿಮಿಷ ಮಾತು ಹೊರಡದ ಆಸಾಮಿ ವಲೆಂಟೈನ್. ಆದರೂ "ಬರ್ತೇನೆ ಸರ್" ಎಂದುಬಿಟ್ಟ. ಅವನಿಗೆ ಡಿಸೆಂಬರಿನಲ್ಲಿ ರಜೆ ಬೇಕಿತ್ತು. ಉಡುಪಿಯಲ್ಲಿ ಹೆಂಡತಿ ಪ್ರೆಸಿಲ್ಲಾ ಮದುವೆಯ ಬೆಳ್ಳಿಹಬ್ಬಕ್ಕೆ ಹಾಲ್ ಬುಕ್ ಮಾಡಿ, ಬ್ಯಾಂಡಿನವರಿಗೂ ಹೇಳಿಯಾಗಿತ್ತು. ಮದುಮಗನದು ಮಾತ್ರ ಖಾತ್ರಿಯಿರಲಿಲ್ಲ. "ನೀವು ಬಾರದಿದ್ರೆ ನಿಮ್ಮ ಫೋಟೋಕ್ಕೆ ಹಾರ ಹಾಕಿ ಪಕ್ಕದಲ್ಲಿ ಕೂತು ಕೇಕ್ ಕತ್ತರಿಸ್ತೇನೆ" ಎಂದಿದ್ದಳು. ಪ್ರೆಸಿಲ್ಲಾ ಹೇಳಿದ್ದನ್ನು ಮಾಡುವವಳು.

ಅವನ ಜೊತೆ ಒಂದೇ ರೂಮಿನಲ್ಲಿ ಇರುವ, ಒಂದೇ ಸ್ಟೋರ್ಸಿನಲ್ಲಿ ದುಡಿಯುವ ಜೆಫ್ರಿ ಕೂಡಲೇ ಸಲಹೆಗಾರನಾದ. "ಪೊಡಿಯಬ್ಬರಿಗೆ ಸೋಮಾರಿಗಳನ್ನು ಕಂಡ್ರೆ ಆಗುದಿಲ್ಲ ಮಾರಾಯ. ದಾರಿಯಲ್ಲಿ ಒಮ್ಮೆಯೂ ಉಸ್ಸಪ್ಪ ಹೇಳ್ಬೇಡ. ಒರತೆ ಹತ್ರ ಅವರ ತಲೆ ತಣ್ಣಗಿರ್ತದೆ, ಅಲ್ಲಿ ಕೇಳು. ನಾನೂ ಜೊತೆಗೆ ಬರ್ತೇನೆ." ಅಷ್ಟು ಸಾಲದೆಂಬಂತೆ ತನ್ನ ಹಳೆಯ ಶೂಗಳನ್ನೂ ಕೊಟ್ಟ. ಅವು ಒಂದು ಸೈಜ್ ಚಿಕ್ಕವು.

ಶನಿವಾರ ಕಾರಿನಿಂದ ಇಳಿದದ್ದೇ ವಲೆಂಟೈನ್ ಮ್ಯಾನೇಜರರ ಬ್ಯಾಗನ್ನು ಹೆಗಲಿಗೇರಿಸಿದ. ಅದರಲ್ಲಿ ಸ್ಟವ್, ಕೆಟಲ್ ಮತ್ತು ಆರು ಲೀಟರ್ ನೀರು ಇತ್ತು. ಒರತೆಗೆ ಹೊರಟವರಿಗೆ ಇಷ್ಟು ನೀರು ಯಾಕೆಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಅರ್ಧ ಗಂಟೆಯಲ್ಲಿ ಬಲಗಾಲಿನ ಶೂ ಬಾಯಿ ತೆರೆಯಿತು. ಕರ್ಚೀಫಿನಿಂದ ಕಟ್ಟಿಕೊಂಡ. ಮ್ಯಾನೇಜರ್ ತಿರುಗಿ ನೋಡಿದರು.

"ಸುಸ್ತಾಯ್ತಾ? ಸ್ವಲ್ಪ ಕೂತ್ಕೊಳ್ಳುವಾ?"

"ಎಂತ ಸುಸ್ತು ಸರ್" ಎಂದ ವಲೆಂಟೈನ್, ಉತ್ಸಾಹ ತೋರಿಸಲು ಎದುರಿಗಿದ್ದ ಬಂಡೆಯ ಮೇಲೆ ಹಾರಿದ. ಹಾರಿದವನು ಆಚೆ ಬದಿಗೆ ಜಾರಿ ಮುಳ್ಳಿನ ಗಿಡದೊಳಗೆ ಕೂತ.

"ಎಂತಾಯ್ತು ಮಾರಾಯ?"

"ಇದು ಯಾವ ಗಿಡ ಅಂತ ನೋಡ್ಲಿಕ್ಕೆ ಇಳಿದೆ ಸರ್."

ಪೊಡಿಯಬ್ಬರು ಮತ್ತೆರಡು ಸಲ ಕೂತುಕೊಳ್ಳಲು ಕರೆದರು. ಜೆಫ್ರಿ ಎರಡು ಸಲವೂ ತನ್ನ ಬ್ಯಾಗ್ ಇಳಿಸಿ ಕೂತ. ವಲೆಂಟೈನ್ ಮಾತ್ರ ಬ್ಯಾಗ್ ಹೊತ್ತು ನಿಂತಲ್ಲೇ ಕುಣಿಯುತ್ತಿದ್ದ. ಕಣ್ಣಿಗೆ ಕತ್ತಲೆ ಬರುತ್ತಿತ್ತು, ಕಾಲ ಬೆರಳುಗಳ ಸುದ್ದಿಯೇ ಇರಲಿಲ್ಲ.

ಕೊನೆಗೂ ಬಂಡೆಯ ಬುಡದಲ್ಲಿ ಒರತೆ ಕಂಡಿತು. ನಾಲ್ಕು ಬಕೆಟ್ಟಿನಷ್ಟು ನೀರು, ಸುತ್ತ ಒಂದಿಷ್ಟು ಹಸಿರು. ಪೊಡಿಯಬ್ಬರು ಮುಖ ತೊಳೆದು ಕಲ್ಲಿನ ಮೇಲೆ ಕೂತರು. ವಲೆಂಟೈನ್ ಉಳಿದಿದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡ.

"ಸರ್, ನನಗೆ ಡಿಸೆಂಬರಿನಲ್ಲಿ..."

"ನಿಲ್ಲು, ಮೊದಲು ನಾನು ಹೇಳ್ತೇನೆ." ಅವರು ಕಿಸೆಯಿಂದ ಮಡಚಿದ ಕಾಗದ ತೆಗೆದರು. "ಮೊನ್ನೆ ಆಫೀಸಿನ ಮೆಟ್ಟಿಲಲ್ಲಿ ನಿನ್ನ ಏದುಸಿರು ಕೇಳಿ ನನಗೆ ಹೆದರಿಕೆಯೇ ಆಯ್ತು. ಡಿಸೆಂಬರಿಗೆ ಸ್ಟೋರ್ಸಿನಿಂದ ಒಬ್ಬನನ್ನು ಮಾತ್ರ ಊರಿಗೆ ಬಿಡ್ಲಿಕ್ಕೆ ಆಗುದು. ನಿನಗೆ ರೆಸ್ಟ್ ಬೇಕು ಅಂತ ಒಂದು ತಿಂಗಳ ರಜೆಗೆ ಸೈನ್ ಹಾಕಿಟ್ಟೆ. ಕೊಡುವ ಮೊದಲು ಒಮ್ಮೆ ನಡೆಸಿ ನೋಡುವಾ ಅಂತ ಕರ್ಕೊಂಡು ಬಂದದ್ದು."

ವಲೆಂಟೈನ್‌ನ ಕಣ್ಣು ತುಂಬಿ ಬಂತು. ಎರಡೂ ಕೈ ಮುಂದೆ ಚಾಚಿದ.

ಪೊಡಿಯಬ್ಬರು ಪೆನ್ನು ತೆಗೆದು ಕಾಗದದಲ್ಲಿ ಏನನ್ನೋ ಹೊಡೆದುಹಾಕಿದರು. "ನೋಡಿದ್ರೆ ನೀನು ಕುದುರೆ ಹಾಗೆ ಇದ್ದೀ. ಪಾಪ, ಈ ಜೆಫ್ರಿಗೇ ಜೀವ ಇಲ್ಲ. ಅವನ ಹೆಸರು ಹಾಕಿದ್ದೇನೆ."

ಕಾಗದ ಹಿಡಿದ ಜೆಫ್ರಿ ಒರತೆಯ ಕಡೆ ಮುಖ ತಿರುಗಿಸಿದ.

"ಸರ್, ನನ್ನ ಎದೆ... ನನ್ನ ಕಾಲು..." ಎನ್ನುತ್ತ ವಲೆಂಟೈನ್ ಒದ್ದೆ ಕಲ್ಲಿನ ಮೇಲೆ ಕುಸಿದು ಕೂತ. ಈ ಸಲ ಅದರಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ.

ಪೊಡಿಯಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಕ್ಟಿಂಗ್ ಕೂಡ ಬರ್ತದಲ್ಲ ನಿನಗೆ. ಏಳು ಏಳು. ವಾಪಸ್ ಹೋಗುವಾಗ ಜೆಫ್ರಿಯ ಬ್ಯಾಗನ್ನೂ ನೀನೇ ಹಿಡ್ಕೊ."