ಪಾರ್ವತಿಗೆ ಫ್ರೆಂಚ್ ಹಾಡು

ಗಂಟಲು ಇರುವವರಿಗೆಲ್ಲ ತಾವು ಚೆನ್ನಾಗಿ ಹಾಡುತ್ತೇವೆಂಬ ಭ್ರಮೆ ಇರುತ್ತದೆ. ನನಗೆ ಗಂಟಲು ಹೋದ ಮೇಲೂ ಆ ಭ್ರಮೆ ಹೋಗಲಿಲ್ಲ. ಥೈರಾಯ್ಡ್ ಗಂಟು ತೆಗೆದ ಡಾಕ್ಟರು ಆಪರೇಷನ್ ಚೆನ್ನಾಗಾಯಿತು ಎಂದರು. ಗಂಟಿನ ಜೊತೆಗೆ ನನ್ನ ಮೇಲಿನ ಷಡ್ಜವೂ ಹೋಗಿದೆಯೆಂದು ಮಾತ್ರ ಹೇಳಲಿಲ್ಲ. ತುಮಕೂರಿನ ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ವಚನ ಎತ್ತಿಕೊಳ್ಳುತ್ತಿದ್ದವಳು ನಾನು. ಈಗ ಬಾಯಿ ತೆರೆದರೆ ಗ್ಯಾಸ್ಕೆಟ್ ಸವೆದ ಕುಕ್ಕರಿನಂತೆ ಬರೀ ಗಾಳಿ. ಮಂಡಳಿಯವರು ಒಳ್ಳೆಯವರು. "ನೀವು ತಾಳ ಹಾಕಿ, ಅದೂ ಸೇವೇನೇ" ಎಂದು ಕೈಗೆ ತಾಳ ಕೊಟ್ಟರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ನಾನು ಮುಖ ಊದಿಸಿಕೊಂಡು ಕೂತಿದ್ದನ್ನು ನೋಡಲಾರದೆ ನಮ್ಮ ಯಜಮಾನರು ಶಿರಾ ಗೇಟಿನ ಹತ್ತಿರ ಮಕ್ಕಳಿಗೆ ಕೀಬೋರ್ಡ್ ಕಲಿಸುವ ಸ್ಟೆಲ್ಲಾ ಮಿಸ್ ಬಳಿಗೆ ಕರೆದುಕೊಂಡು ಹೋದರು. ಪಾಂಡಿಚೇರಿಯಲ್ಲಿ ಬೆಳೆದ ಆಕೆ ನನ್ನ ದನಿ ಕೇಳಿ, "ಮೇಲೆ ಹೋಗ್ಲೇಬೇಡಿ. ಒಂದು ಫ್ರೆಂಚ್ ಹಾಡು ಹೇಳ್ಕೊಡ್ತೀನಿ" ಎಂದರು. ಕವಿತೆಗೆ ರಾಗ ಹಾಕಿ, ಒಬ್ಬರು ಪಿಯಾನೋ ನುಡಿಸುತ್ತ ಒಬ್ಬರು ಹಾಡುವ ಹಳೆಯ ಸಂಪ್ರದಾಯ ಫ್ರೆಂಚರಲ್ಲಿದೆಯಂತೆ. ಅದಕ್ಕೆ 'ಮೆಲೋದಿ' ಅನ್ನುತ್ತಾರಂತೆ. ಪಕ್ಕದಲ್ಲಿ ಕೂತವರಿಗೆ ಗುಟ್ಟು ಹೇಳಿದ ಹಾಗೆ ಹಾಡಬೇಕು. ಅರ್ಧ ಮೂಗಿನಲ್ಲಿ ಹೇಳಿ, ಎಷ್ಟೋ ಪದಗಳ ಕೊನೆಯಕ್ಷರ ನುಂಗಿಬಿಡಬೇಕು. ಕೂಡು ಕುಟುಂಬಕ್ಕೆ ಸೊಸೆಯಾಗಿ ಬಂದವಳಿಗೆ ನುಂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಾಡಿನ ಅರ್ಥವೆಂದರೆ, ಮುಸ್ಸಂಜೆಯಲ್ಲಿ ಒಬ್ಬಳು ಕಾಯುತ್ತಾಳೆ, ಯಾರೂ ಬರುವುದಿಲ್ಲ. "ಅಷ್ಟೇನಾ ಮಿಸ್?" ಎಂದೆ. "ಅಷ್ಟೇ" ಎಂದರು.

ಮನೆಯಲ್ಲಿ ಅಭ್ಯಾಸ ಮಾಡಿದರೆ ಯಜಮಾನರು, "ಏನೇ ಇದು, ನಿಮ್ಮನೇಲಿ ಯಾರ್ ಹೋದ್ರು ಅಂತ ಪಕ್ಕದ್ಮನೆಯೋರು ಕೇಳ್ತಾವ್ರೆ. ಊಟದ ಹೊತ್ತಲ್ಲಾದ್ರೂ ಬುಡು" ಎಂದರು.

ಅಷ್ಟರಲ್ಲಿ ಪಾರ್ವತಿಗೆ ಸ್ಟ್ರೋಕ್ ಆಯಿತು. ಮಂಡಳಿಯಲ್ಲಿ ನನ್ನ ಪಕ್ಕ ಕೂತು ಜೊತೆಗೆ ಹಾಡುತ್ತಿದ್ದ ಗೆಳತಿ ಅವಳು. ಈಚೆಗೆ ಕೊಬ್ಬರಿ ವ್ಯಾಪಾರ ಮಾಡುವ ಮಗನ ಜೊತೆ ಗುಬ್ಬಿಯಲ್ಲಿದ್ದಳು. ನೋಡಲು ಹೋದರೆ ಬಲಗೈ ಸ್ವಾಧೀನವಿಲ್ಲ, ಮಾತು ಪೂರ್ತಿ ನಿಂತಿದೆ. "ನಾವಂದದ್ದು ಗೊತ್ತಾಯ್ತದೆ ಆಂಟಿ, ಬಾಯಿಗ್ ಬರಲ್ಲ. ನೀವೇನಾದ್ರೂ ಹಾಡಿ" ಎಂದು ಅವಳ ಸೊಸೆ ಮಂಗಳ ಕಾಫಿ ಮಾಡಲು ಒಳಗೆ ಹೋದಳು.

ನಾವಿಬ್ಬರೂ ಹಾಡುತ್ತಿದ್ದ ವಚನ ಎತ್ತಿಕೊಂಡೆ. ಎರಡನೆಯ ಸಾಲಿಗೆ ಗಂಟಲು ಕೈಕೊಟ್ಟಿತು. ಪಾರ್ವತಿಯ ತುಟಿ ಅದುರಿತು, ಶಬ್ದ ಬರಲಿಲ್ಲ. ಒಬ್ಬಳಿಗೆ ದನಿಯಿಲ್ಲ, ಒಬ್ಬಳಿಗೆ ಮಾತಿಲ್ಲ. ಬೇರೇನೂ ತೋಚದೆ ಅವಳ ಕಿವಿಯ ಹತ್ತಿರ ಬಗ್ಗಿ ಆ ಫ್ರೆಂಚ್ ಹಾಡು ಹಾಡಿದೆ. ಮುಗಿಯುವ ಹೊತ್ತಿಗೆ ಅವಳ ಎಡಗೈ ನನ್ನ ಮಣಿಕಟ್ಟು ಹಿಡಿಯಿತು.

"ಸಾಕು" ಎಂದಳು.

ಕಾಫಿ ತಂದ ಮಂಗಳ ಲೋಟ ಅಲ್ಲೇ ಇಟ್ಟು ಗಂಡನಿಗೆ ಫೋನು ಮಾಡಿದಳು: "ರೀ, ಅತ್ತೆ ಮಾತಾಡುದ್ರು ಕಣ್ರೀ!" ಮನೆಯವರೆಲ್ಲ ಅತ್ತರು. ನಾನೂ ಅತ್ತೆ. ಆದರೆ ಆ ಮೌನ ಮುರಿದು ಅವಳು ಆಡಿದ ಮೊದಲ ಮಾತು ನನ್ನ ಹಾಡಿಗೆ 'ಸಾಕು' ಎಂದದ್ದು ನನ್ನೊಬ್ಬಳಿಗೇ ಚುಚ್ಚಿತು.

ಉಳಿದ ಮಾತೂ ಬರುತ್ತದೆಂದು ಕಾದೆವು. ಬರಲಿಲ್ಲ. ಆ ಒಂದೇ ಪದ ಉಳಿಯಿತು. ಬಾಯಾರಿದರೂ ಸಾಕು, ಹಸಿದರೂ ಸಾಕು, ಮೊಮ್ಮಗಳನ್ನು ಹತ್ತಿರ ಕರೆಯುವುದಕ್ಕೂ ಸಾಕು. ಕೆಲವರಿಗೆ ಹೀಗಾಗುತ್ತದೆ, ಪದ ಬಂದರೂ ಅದು ಅವರು ಅಂದುಕೊಂಡದ್ದಾಗಿರುವುದಿಲ್ಲ ಎಂದರು ಡಾಕ್ಟರು. ಮಂಗಳ ಈಗ ಅತ್ತೆಯ ಕಣ್ಣು ನೋಡಿ ನೀರೋ ಗಂಜಿಯೋ ತಿಳಿದುಕೊಳ್ಳುತ್ತಾಳೆ.

ನಾನು ಈಗಲೂ ಗುಬ್ಬಿ ಬಸ್ಸು ಹತ್ತುತ್ತೇನೆ. ಹಾಡು ಮುಗಿದೊಡನೆ ಪಾರ್ವತಿ ನನ್ನ ಕಡೆ ತಿರುಗಿ "ಸಾಕು" ಎನ್ನುತ್ತಾಳೆ. ಮೊನ್ನೆ ಮಂಗಳ ಸಂಕೋಚದಿಂದಲೇ ಕೇಳಿದಳು: "ಆಂಟಿ, ಅದೊಂದ್ ಸಾಕು ಮಾತ್ರ ನಿಜ್ವಾಗ್ಲೂ ಸಾಕು ಅಂತಾನೇ ಇದ್ರೆ?"

ಇರಬಹುದು. ಪಾರ್ವತಿಯ ಕಣ್ಣನ್ನು ನಾನೂ ನೋಡಬಲ್ಲೆ. ಆದರೆ ಹಾಡು ಮುಗಿದ ಮೇಲೆ ಅತ್ತ ನೋಡಲು ನನಗೆ ಧೈರ್ಯ ಸಾಲದು. ಇನ್ನೊಂದು ಸಲ ಹಾಡು ಎಂದಳೆಂದುಕೊಂಡು, ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ.