ಬ್ಯಾಟರಿಯಿಲ್ಲದ ಡ್ರಿಲ್

ಗುಮಾಸ್ತರ ಡ್ರಿಲ್ ಪ್ರಾಣ ಬಿಟ್ಟದ್ದು ಬೆಳಿಗ್ಗೆ ಎಂಟು ಗಂಟೆಗೆ, ಸರಿಯಾಗಿ ಮೊದಲ ತೂತು ಕೊರೆಯಬೇಕು ಎನ್ನುವಾಗ. ಒಮ್ಮೆ ‘ಘೊರ್’ ಎಂದು ನರಳಿತು, ಹಸಿದ ಹೊಟ್ಟೆಯ ಹಾಗೆ ‘ಕುಂಯ್’ ಎಂದಿತು, ಆಮೇಲೆ ಉಸಿರೇ ಇಲ್ಲ. ಬ್ಯಾಟರಿಯನ್ನು ತೆಗೆದು ಒರೆಸಿ ಹಾಕಿದರು. ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಹಾಕಿದರು. ಡ್ರಿಲ್ ಮಿಸುಕಲಿಲ್ಲ.

ಮನೆಯ ಮುಂದೆ ನಿಂತಿದ್ದ ಹಳೆಯ ವ್ಯಾನನ್ನು ಅವರು ಎಂಟು ತಿಂಗಳು ಕಷ್ಟಪಟ್ಟು ಪುಟ್ಟ ಮನೆಯಾಗಿ ಮಾರ್ಪಡಿಸಿದ್ದರು. ಒಲೆ ಇತ್ತು, ನೀರಿನ ಕ್ಯಾನ್ ಇತ್ತು, ಕಿಟಕಿಗೆ ಪರದೆ ಇತ್ತು. ಉಳಿದದ್ದು ಒಂದೇ ಕೆಲಸ: ಹಗಲು ಮಡಚಿ ರಾತ್ರಿ ಬಿಚ್ಚುವ ಮಲಗುವ ಹಲಗೆಯನ್ನು ಪಕ್ಕದ ಪ್ಲೈವುಡ್ ಗೋಡೆಗೆ ಕೂರಿಸಬೇಕು. ನಾಲ್ಕು ತೂತು, ನಾಲ್ಕು ಸ್ಕ್ರೂ. ಪೆನ್ಸಿಲ್ ಗುರುತೂ ಹಾಕಿಯಾಗಿತ್ತು. ಮೂವತ್ತೊಂದು ವರ್ಷ ಕಚೇರಿಯಲ್ಲಿ ಬೇರೆಯವರ ರಜೆ ಅರ್ಜಿಗಳಿಗೆ ಠಸ್ಸೆ ಒತ್ತಿದವರು, ಮೊದಲ ಬಾರಿಗೆ ತಮ್ಮ ಅರ್ಜಿಗೆ ತಾವೇ ಒತ್ತಿಕೊಂಡು ಹದಿನೈದು ದಿನದ ರಜೆ ಪಡೆದಿದ್ದರು. ಹೊರಡುವುದು ಇವತ್ತೇ, ಸಂಜೆ ನಾಲ್ಕಕ್ಕೆ.

ಹೆಂಡತಿಯ ಷರತ್ತು ಸ್ಪಷ್ಟವಾಗಿತ್ತು. “ನಾಲ್ಕು ಗಂಟೆಗೆ ನನಗೆ ಮಲಗೋಕೆ ಹಲಗೆ ಇರಬೇಕು. ಇಲ್ಲಾಂದ್ರೆ ಐದೂಕಾಲಿನ ರೈಲಿಗೆ ನನ್ನ ತಮ್ಮನ ಮನೆ.” ಆ ತಮ್ಮ ಆಗಲೇ ಎರಡು ಟಿಕೆಟ್ ಕಳಿಸಿಬಿಟ್ಟಿದ್ದ. ಭಾವಮೈದನ ಮನೆ ಎಂದರೆ, ಅವನ ಮೂತ್ರಪಿಂಡದಿಂದ ತೆಗೆದ ಕಲ್ಲನ್ನು ಸೀಸೆಯ ಸಮೇತ ನೋಡುತ್ತಾ ಹದಿನೈದು ದಿನ ಕೂರುವುದು.

“ಏನ್ರೀ, ಎದುರುಮನೆ ಡಾಕ್ಟರ ಹತ್ರ ಡ್ರಿಲ್ ಇದೆ. ಕೇಳಿ ತರಲಾ?” ಎಂದರು ಹೆಂಡತಿ ಬಾಗಿಲಿನಿಂದ.

“ಏನೂ ಬೇಡ. ನಾನೇ ಮಾಡ್ಕೋತೀನಿ.”

ಈ ಮಾತು ಅವರ ಬಾಯಿಂದ ಎಷ್ಟು ಸಲ ಬಂದಿತ್ತೆಂದರೆ ಬೀದಿಯವರು ಬೆನ್ನ ಹಿಂದೆ ಅವರನ್ನು ‘ನಾನೇ-ಮಾಡ್ಕೋತೀನಿ’ ಎಂದೇ ಕರೆಯುತ್ತಿದ್ದರು. ಮೇಜಿನ ಇನ್ನೊಂದು ತುದಿಗೆ ಯಾರಾದರೂ ಕೈ ಹಾಕಿದರೆ, ಅವರು ಹೋಗುವವರೆಗೆ ಮೇಜನ್ನು ಕೆಳಗಿಟ್ಟು ಕಾಯುವ ಜಾತಿಯ ಮನುಷ್ಯ.

ಬ್ಯಾಟರಿಯನ್ನು ಚೀಲಕ್ಕೆ ಹಾಕಿ, ಡ್ರಿಲ್ಲನ್ನು ವ್ಯಾನಿನ ಮೆತ್ತೆಯ ಮೇಲೆ ಮಲಗಿಸಿ, ಬೀಗ ಹಾಕಿ ಗುಮಾಸ್ತರು ಹೊರಟರು.

ಸಾಮಾನಿನ ಅಂಗಡಿಯವನು ಬ್ಯಾಟರಿಯನ್ನು ಬೆಳಕಿಗೆ ಹಿಡಿದು ನೋಡಿ, “ಈ ನಮೂನೆ ಬರೋದು ನಿಂತು ಆರು ವರ್ಷ ಆಯ್ತು ಸಾರ್,” ಎಂದ, ದುಃಖದ ಸುದ್ದಿ ಹೇಳುವ ಧ್ವನಿಯಲ್ಲಿ. “ಹೊಸ ಡ್ರಿಲ್ಲೇ ತಗೊಳ್ಳಿ. ಇಲ್ಲಾಂದ್ರೆ ಹಿಂದಿನ ಬೀದೀಲಿ ಒಬ್ಬ ಸೆಲ್ ಬದಲಾಯಿಸಿ ಕೊಡ್ತಾನೆ, ಕೇಳಿ ನೋಡಿ.” ಕುಡಿಯಲು ನೀರನ್ನೂ ಕೊಟ್ಟ. ಅದನ್ನೂ ಗುಮಾಸ್ತರು ಬೇಡವೆಂದರು.

ಸೆಲ್ಲಿನವನ ಅಂಗಡಿ ಮುಚ್ಚಿತ್ತು. ಹತ್ತಕ್ಕೆ ತೆರೆಯುತ್ತದೆ ಎಂದು ಬಾಗಿಲಲ್ಲಿ ಬರೆದಿತ್ತು. ಗುಮಾಸ್ತರು ಮನೆಗೆ ಮರಳಿ ವ್ಯಾನಿನ ಬೀಗ ತೆಗೆದರು.

ಗೋಡೆಯಲ್ಲಿ ನಾಲ್ಕು ತೂತುಗಳಿದ್ದವು.

ನಗುವ ಬಾಯಿಯಂತೆ ಬಾಗಿ ಒತ್ತೊತ್ತಾಗಿ ಕೂತ ನಾಲ್ಕು ಹೊಸ ತೂತುಗಳು. ಗುಮಾಸ್ತರು ತಿರುಗಿ ಮೆತ್ತೆ ನೋಡಿದರು. ಡ್ರಿಲ್ ಮಲಗಿಸಿದ ಹಾಗೆಯೇ ಮಲಗಿತ್ತು. ಬ್ಯಾಟರಿ ಇರಬೇಕಾದ ಜಾಗ ಖಾಲಿ. ಬ್ಯಾಟರಿ ತಮ್ಮ ಚೀಲದಲ್ಲೇ ಇದೆ, ಮುಟ್ಟಿ ನೋಡಿಕೊಂಡರು.

ಎದುರುಮನೆಯ ನಿವೃತ್ತ ಹಲ್ಲಿನ ಡಾಕ್ಟರು ಗೇಟಿನಲ್ಲಿ ಪೇಪರ್ ಓದುತ್ತಾ ನಿಂತಿದ್ದರು, ಪೇಪರ್ ತಲೆಕೆಳಗಾಗಿತ್ತು. ಗುಮಾಸ್ತರು ತೊದಲುತ್ತಾ ವಿಷಯ ಹೇಳಿದಾಗ ಡಾಕ್ಟರು ಗಂಟಲು ಸರಿಮಾಡಿಕೊಂಡು, “ಹೇಳಬಾರದು ಅಂತಿದ್ದೆ ಗುಮಾಸ್ತರೇ. ಈ ವ್ಯಾನು ಮೊದಲು ಒಬ್ಬ ಬಡಗಿಯದಾಗಿತ್ತಂತೆ. ಪಾಪ, ಕೆಲಸ ಅರ್ಧಕ್ಕೆ ಬಿಟ್ಟು ಹೋದನಂತೆ,” ಎಂದರು.

“ಎಲ್ಲಿಗೆ ಹೋದ?”

ಡಾಕ್ಟರು ಆಕಾಶ ನೋಡಿದರು.

ಹತ್ತಕ್ಕೆ ಸೆಲ್ಲಿನವನು ಬ್ಯಾಟರಿಯ ಮುಚ್ಚಳ ಬಿಚ್ಚಿದ. ಒಳಗೆಲ್ಲ ಹಸಿರು ಬೂಷ್ಟು. “ಇದರ ನಾಡಿ ನಿಂತು ಬಹಳ ದಿನ ಆಗಿದೆ ಯಜಮಾನ್ರೇ. ಇವತ್ತು ಬೆಳಿಗ್ಗೆ ಕೂಗ್ತು ಅಂತೀರಾ? ಇದಾ? ಸಾಧ್ಯವೇ ಇಲ್ಲ,” ಎಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಅದನ್ನು ಹಿಂತಿರುಗಿ ಕೊಡುವಾಗ ಬಟ್ಟೆಯಲ್ಲಿ ಸುತ್ತಿ ಕೊಟ್ಟ.

ಮನೆಗೆ ಬಂದಾಗ ತೂತುಗಳು ಎಂಟಾಗಿದ್ದವು.

ಹೊಸ ನಾಲ್ಕು ದೂರ ದೂರ ಇದ್ದವು, ಪ್ರತಿಯೊಂದೂ ಪೆನ್ಸಿಲ್ ಗುರುತಿನಿಂದ ಎರಡು ಬೆರಳು ಆಚೆ. ಅಷ್ಟೇ ಅಲ್ಲ, ಮೆತ್ತೆಯ ಮೇಲೆ ಪುಡಿ ಬೀಳದಂತೆ ಯಾರೋ ಹೂವಿನ ಚಿತ್ರದ ತುಂಡುಬಟ್ಟೆ ಹಾಸಿದ್ದರು. ದೆವ್ವಕ್ಕೆ ಇಷ್ಟು ಅಚ್ಚುಕಟ್ಟೇ?

ಪಕ್ಕದ ಮನೆಯ ದರ್ಜಿಯಮ್ಮ ಬೇಲಿಯ ಮೇಲಿಂದ ಇಣುಕಿದಳು. “ಹೌದಣ್ಣ, ನಾನೂ ಕೇಳಿದೀನಿ. ಬಡಗಿ ಎಡಗೈಯವನು. ಕಣ್ಣು ಒಂಥರಾ. ಹೊತ್ತಲ್ಲದ ಹೊತ್ತಲ್ಲಿ ತೂತು ಕೊರೀತಾ ಇದ್ದನಂತೆ.” ಅಷ್ಟರಲ್ಲಿ ಡಾಕ್ಟರೂ ಬಂದು ವ್ಯಾನಿನೊಳಗೆ ತಲೆ ಹಾಕಿದರು. ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು. “ಎಂಟು? ಎಂಟು ಹೇಗೆ?” ಎನ್ನುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಮನೆ ಸೇರಿ ಚಿಲಕ ಹಾಕಿಕೊಂಡರು. ಡಾಕ್ಟರು ಹೆದರಿ ಒಳಗೆ ಹೋದದ್ದನ್ನು ದರ್ಜಿಯಮ್ಮ ನೋಡಿದಳು. ಹಾಗೇ ಬೇಲಿಯ ಕೆಳಗೆ ಇಳಿದುಹೋದಳು, ಬಾವಿಗೆ ಬಿಟ್ಟ ಕೊಡದ ಹಾಗೆ.

ಗುಮಾಸ್ತರು ಗಟ್ಟಿ ಮನಸ್ಸು ಮಾಡಿದರು. ನೇರ ಅಂಗಡಿಗೆ ಹೋಗಿ ಹೊಸ ಡ್ರಿಲ್ ಕೊಂಡರು. ಎರಡು ಬ್ಯಾಟರಿ, ಚಾರ್ಜರ್, ಒಂದು ವರ್ಷ ಗ್ಯಾರಂಟಿ.

“ದೆವ್ವಕ್ಕೂ ಗ್ಯಾರಂಟಿ ಇದೆಯಾ?” ಎಂದು ಕೇಳಿದರು.

“ನೀರು ಬಿದ್ರೆ ಮಾತ್ರ ಇಲ್ಲ ಸಾರ್,” ಎಂದ ಅಂಗಡಿಯವನು, ಲೆಕ್ಕ ಬರೆಯುತ್ತಲೇ.

ಮನೆಗೆ ಬಂದು ನೋಡಿದರೆ ಹನ್ನೆರಡು. ಈ ಸಲದ ನಾಲ್ಕು ಗುಂಡಗೆ ಕೂತಿದ್ದವು, ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು, ಮುಳ್ಳಿಲ್ಲದ ಗಡಿಯಾರದಂತೆ. ಬೆಳಗಿನಿಂದ ತೊಟ್ಟಿಕ್ಕುತ್ತಿದ್ದ ನೀರಿನ ಕ್ಯಾನಿನ ನಲ್ಲಿಯನ್ನೂ ಯಾರೋ ಬಿಗಿಮಾಡಿದ್ದರು. ಮೂಲೆಮನೆಯ ಗಡಿಯಾರ ರಿಪೇರಿಯವನು ಅಲ್ಲೇ ಅಡ್ಡಾಡುತ್ತಿದ್ದ. “ಬಡಗಿ ಸತ್ತದ್ದು ಸರಿಯಾಗಿ ಹನ್ನೆರಡಕ್ಕಂತೆ,” ಎಂದು ಶುರು ಮಾಡಿದವನು ಒಳಗೆ ಎಣಿಸಿ ನೋಡಿ, ಚಪ್ಪಲಿಯನ್ನು ಅಲ್ಲೇ ಬಿಟ್ಟು ದರ್ಜಿಯಮ್ಮನ ಮನೆಗೆ ಓಡಿದ. ಸ್ವಲ್ಪ ಹೊತ್ತಿಗೆ ಡಾಕ್ಟರೂ ಅಲ್ಲಿಗೇ ಓಡಿದರು.

ಗುಮಾಸ್ತರು ಒಳಗೆ ಹೋಗಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರು. ಕೆಂಪು ದೀಪ ಹೊತ್ತಿತು. ಹಸಿರಾಗಲು ಒಂದು ಗಂಟೆ.

“ವ್ಯಾನಿನ ಇನ್ನೊಂದು ಕೀಲಿ ಕೊಡು,” ಎಂದರು ಹೆಂಡತಿಗೆ.

ಅವರು ಸೆರಗಿನ ತುದಿಯನ್ನು ತಿರುಚುತ್ತಾ, “ಯಾಕ್ರೀ?” ಎಂದರು.

“ಯಾಕೂ ಇಲ್ಲ. ಕೊಡು.”

ಎರಡೂ ಕೀಲಿಗಳನ್ನು ಜೇಬಿಗೆ ಹಾಕಿ, ಹೊಸ ಡ್ರಿಲ್ಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೆಂಪು ದೀಪ ನೋಡುತ್ತಾ ಕೂತರು. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ನಡುಹಗಲಿನ ಬಿಸಿಲು ವ್ಯಾನಿನ ಮೇಲೆ ಬೀಳುತ್ತಿತ್ತು, ಆದರೆ ವ್ಯಾನಿನ ನೆರಳು ಮಾತ್ರ ಅಗತ್ಯಕ್ಕಿಂತ ಉದ್ದವಿದೆ ಎಂದು ಅವರಿಗೆ ಅನ್ನಿಸಿತು. ಒಮ್ಮೆ, ಬಹಳ ಮೆಲ್ಲಗೆ, ಯಾರೋ ಹಲ್ಲು ಕಚ್ಚಿಕೊಂಡು ಹಾಡಿದಂಥ ಸದ್ದು. ಎದ್ದು ಕಿಟಕಿಯಲ್ಲಿ ನೋಡಿದರು. ಯಾರೂ ಇಲ್ಲ.

ಎರಡೂವರೆಗೆ ದೀಪ ಹಸಿರಾಯಿತು. ಗುಮಾಸ್ತರು ವ್ಯಾನಿನ ಬೀಗ ತೆಗೆದು, ಪರದೆ ಸರಿಸಿ, ಎಣಿಸಿದರು.

ಹದಿನಾರು.

ಅವರು ಹಾಕಿದ ಕೂಗಿಗೆ ಇಡೀ ಬೀದಿ ಬಾಗಿಲು ತೆರೆಯಿತು. ದರ್ಜಿಯಮ್ಮನ ಮನೆಯಿಂದ ಮೂವರೂ ಒಬ್ಬರ ಹಿಂದೊಬ್ಬರು ಅಡಗುತ್ತಾ ಬಂದರು. ಹೆಂಡತಿಯೂ ಬಂದರು, ಬಂದವರೇ ಅಳಲು ಶುರು ಮಾಡಿದರು.

“ತಪ್ಪು ನನ್ನದು ಕಣ್ರೀ. ನೀವು ಯಾರ ಸಹಾಯಾನೂ ತಗೊಳ್ಳಲ್ಲ. ಅದಕ್ಕೆ ನನ್ನ ಹತ್ರ ಇದ್ದ ಕೀಲಿ ಕೊಟ್ಟು ಡಾಕ್ಟರಿಗೆ ಹೇಳಿದೆ, ಅವರಿಲ್ಲದಾಗ ನಾಲ್ಕು ತೂತು ಹಾಕಿಬಿಡಿ, ಯಾರಿಗೂ ಹೇಳಬೇಡಿ ಅಂತ. ನೋಡಿದ್ರೆ ಹಲಗೆ ಕೂರಲಿಲ್ಲ. ಅವರ ಡ್ರಿಲ್ ನನ್ನ ಹತ್ರಾನೇ ಇತ್ತು, ಆಮೇಲೆ ಇವಳಿಗೆ ಕೊಟ್ಟು ಹೇಳಿದೆ. ಆಮೇಲೆ ಇವನಿಗೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲೇ ಇಲ್ಲ.”

“ನಾನು ಹಾಕಿದ್ದು ನಾಲ್ಕೇ,” ಎಂದರು ಡಾಕ್ಟರು. “ನಲವತ್ತು ವರ್ಷದ ಅಭ್ಯಾಸ. ಕೈ ತಾನಾಗೇ ಬಾಯಿಯ ಆಕಾರಕ್ಕೆ ಹೋಗುತ್ತೆ.”

“ನಾನೂ ನಾಲ್ಕೇ ಅಣ್ಣ. ಮಡಿಕೆಗೆ ಅಂತ ಎರಡು ಬೆರಳು ಬಿಟ್ಟು ಹಾಕಿದೆ,” ಎಂದಳು ದರ್ಜಿಯಮ್ಮ.

ಗಡಿಯಾರದವನು ತನ್ನ ನಾಲ್ಕನ್ನು ಬೆರಳಿಟ್ಟು ತೋರಿಸಿದ. ಅವು ಯಾರವೆಂದು ನೋಡಿದರೇ ತಿಳಿಯುತ್ತಿತ್ತು.

“ಹಾಗಾದ್ರೆ ಆ ಬಡಗಿ?” ಗುಮಾಸ್ತರು ಕೇಳಿದರು.

“ಬಡಗಿನೂ ಇಲ್ಲ, ಗಿಡಗಿನೂ ಇಲ್ಲ ಗುಮಾಸ್ತರೇ. ನೀವು ಕೇಳಿದಾಗ ಸಿಕ್ಕಿಬೀಳ್ತೀನಿ ಅಂತ ನಾನೇ ಕಟ್ಟಿದ್ದು,” ಎಂದರು ಡಾಕ್ಟರು. “ಇವರಿಬ್ಬರು ಅವನಿಗೆ ಕೈ ಕಣ್ಣು ಎಲ್ಲ ಸೇರಿಸಿದರು.”

ಎಲ್ಲರೂ ಹಗುರಾಗಿ ನಕ್ಕರು. ದರ್ಜಿಯಮ್ಮ ಬೆರಳು ಮಡಚಿದಳು: ನಾಲ್ಕು, ಎಂಟು, ಹನ್ನೆರಡು. ಅಲ್ಲಿಗೆ ನಗು ನಿಂತಿತು.

“ಕೀಲಿ ಎರಡೂ ನನ್ನ ಜೇಬಲ್ಲಿತ್ತು,” ಎಂದರು ಗುಮಾಸ್ತರು, ಮೆಲ್ಲಗೆ.

“ನಾವು ಮೂರೂ ಜನ ನಮ್ಮನೇಲೇ ಇದ್ವಿ,” ಎಂದಳು ದರ್ಜಿಯಮ್ಮ, ಇನ್ನೂ ಮೆಲ್ಲಗೆ.

ಕೊನೆಯ ನಾಲ್ಕು ತೂತುಗಳು ಸರಿಯಾಗಿ ಪೆನ್ಸಿಲ್ ಗುರುತಿನ ಮೇಲೇ ಇದ್ದವು. ಕೆಳಗೆ ಒಂದು ಚಿಟಿಕೆ ಪುಡಿಯೂ ಬಿದ್ದಿರಲಿಲ್ಲ. ಗುಮಾಸ್ತರು ಹಲಗೆ ಎತ್ತಿ ಹಿಡಿದರು. ನಾಲ್ಕೂ ಸ್ಕ್ರೂಗಳು ಬೆಣ್ಣೆಗೆ ಇಳಿದಂತೆ ಇಳಿದವು. ಹಲಗೆ ಬಿಚ್ಚಿದರೆ ಕಿರ್ ಎನ್ನಲಿಲ್ಲ. ತಿರುಗಿ ನೋಡಿದಾಗ ನೆರೆಯವರು ಯಾರೂ ಇರಲಿಲ್ಲ. ಬೀದಿಯ ಅಷ್ಟೂ ಬಾಗಿಲು ಮುಚ್ಚಿದ್ದವು.

ಮೂರೂವರೆ ಗಂಟೆ. ಕೆಲಸ ಮುಗಿದಿತ್ತು. ರಜೆ ಕೈಗೆ ಸಿಕ್ಕಿತ್ತು. ಗುಮಾಸ್ತರು ಒಬ್ಬರೇ ವ್ಯಾನಿನೊಳಗೆ ನಿಂತು ಹೊಟ್ಟೆ ಖಾಲಿ ಇದ್ದ ಹಳೆಯ ಡ್ರಿಲ್ಲನ್ನು ನೋಡಿದರು. ಎಷ್ಟೋ ವರ್ಷಗಳಿಂದ ಯಾರಿಗೂ ಹೇಳದ ಮಾತೊಂದನ್ನು ಹೇಳಿಬಿಟ್ಟರು.

“ದೊಡ್ಡ ಉಪಕಾರ ಆಯ್ತಪ್ಪ. ನೀನಿಲ್ಲದಿದ್ರೆ ನನ್ನ ಕೈಲಿ ಆಗ್ತಿರಲಿಲ್ಲ.”

ಬಾಗಿಲಲ್ಲಿ ಬಳೆಯ ಸದ್ದಾಯಿತು. ಹೆಂಡತಿ ಚೀಲ ಹಿಡಿದು ನಿಂತಿದ್ದರು. ಅವರ ಮುಖದಲ್ಲಿದ್ದದ್ದು ಹೆದರಿಕೆ ಆಗಿರಲಿಲ್ಲ.

“ಏನಂದ್ರಿ?”

“ಏನಿಲ್ಲ ಕಣೇ. ಹಲಗೆ ನೋಡು, ಎಷ್ಟು ಚೆನ್ನಾಗಿ—”

“ಹಲಗೆ ಚೆನ್ನಾಗಿದೆ. ದೆವ್ವದ ವ್ಯಾನಲ್ಲಿ ಬೇಕಾದ್ರೂ ಮಲಗ್ತಿದ್ದೆ, ಅದಕ್ಕೇನಂತೆ. ಮೂವತ್ತೊಂದು ವರ್ಷ ನಿಮಗೆ ಊಟದ ಡಬ್ಬಿ ಕಟ್ಟಿದೀನಿ. ಗುಂಡಿ ಹೊಲಿದಿದೀನಿ. ನಿಮ್ಮ ಡ್ರಿಲ್ ಸತ್ರೆ ಇಡೀ ಬೀದಿ ಕಾಲು ಹಿಡಿದಿದೀನಿ. ಒಂದು ದಿನಾನೂ ಈ ಮಾತು ನನಗೆ ಬಂದಿಲ್ಲ. ಕಣ್ಣಿಗೇ ಕಾಣದವನಿಗೆ ಬಂತು, ಅಲ್ವಾ?”

ಗುಮಾಸ್ತರ ಒಳಗಿದ್ದ ಒಂದೇ ಒಂದು ಮಾತು ಆಗಲೇ ಖರ್ಚಾಗಿ ಹೋಗಿತ್ತು.

“ಬೀಗ ಹಾಕಿ ಬನ್ನಿ. ಐದೂಕಾಲಿಗೆ ರೈಲು.”

ಅವರು ಬೀಗ ಹಾಕಿದರು. ಚೀಲ ಕೇಳಿದರು, ಹೆಂಡತಿ ಕೊಡಲಿಲ್ಲ. “ಬೇಡ, ನಾನೇ ಹೊರ್ತೀನಿ,” ಎಂದು ಮುಂದೆ ನಡೆದರು. ಗುಮಾಸ್ತರು ಬರಿಗೈಯಲ್ಲಿ ಹಿಂಬಾಲಿಸಿದರು.

ಇಪ್ಪತ್ತು ಹೆಜ್ಜೆ ಹೋಗಿರಬಹುದು. ಹಿಂದೆ, ಬೀಗ ಹಾಕಿದ ವ್ಯಾನಿನೊಳಗೆ, ಬ್ಯಾಟರಿಯಿಲ್ಲದ ಡ್ರಿಲ್ ಒಮ್ಮೆ ಮೆತ್ತಗೆ ‘ಘುರ್ರ್’ ಎಂದಿತು.

ಗುಮಾಸ್ತರು ನಿಂತು ತಿರುಗಿ ನೋಡಿದರು. ಹೆಂಡತಿ ತಿರುಗಿಯೂ ನೋಡಲಿಲ್ಲ.

“ಪರವಾಗಿಲ್ಲ ಅಂತಿದೆ,” ಎಂದರು. “ಅದಕ್ಕಾದ್ರೂ ಮರ್ಯಾದೆ ಗೊತ್ತು. ಬನ್ನಿ, ಬನ್ನಿ.”