ನಂಬರ್ ಒನ್ ಹಾಡೂ ನನ್ನ ಟೋಸ್ಟೂ

ಮನುಷ್ಯನಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆ ಇರಲೇಬೇಕು ಎಂಬುದು ನನ್ನ ನಂಬಿಕೆ. ಸ್ವಲ್ಪ ಎಂದರೆ ಎಷ್ಟು ಎಂಬ ವಿಚಾರದಲ್ಲಿ ಮಾತ್ರ ನನಗೂ ನನ್ನ ಹೆಂಡತಿ ಹಿಲ್ಡಾಳಿಗೂ ಮದುವೆಯಾದಂದಿನಿಂದ ಒಮ್ಮತ ಮೂಡಿಲ್ಲ. ಎತ್ತರ, ಬಣ್ಣ, ತಲೆಗೂದಲು, ಈ ಮೂರನ್ನೂ ಹಂಚುವಾಗ ದೇವರು ನನ್ನ ಬಳಿ ಬರುವಷ್ಟರಲ್ಲಿ ದಾಸ್ತಾನು ಮುಗಿದಿತ್ತು. ಪಾಪ, ನಾಚಿಕೆಯಾಗಿ ಕಂಠ ಕೊಟ್ಟ. ಉಡುಪಿ ಕಡೆಯ ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ ನಾನು ಹಾಡಲು ನಿಂತರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ತಲೆ ಎತ್ತುತ್ತಿದ್ದರು. ಬೆಚ್ಚಿಬಿದ್ದು ಎತ್ತುತ್ತಿದ್ದರು ಎನ್ನುತ್ತಾಳೆ ಹಿಲ್ಡಾ. ಅವಳದು ಬೇರೆ ಇಗರ್ಜಿ, ಅವಳಿಗೆ ಹೇಗೆ ಗೊತ್ತಾಗಬೇಕು.

ಜಿದ್ದಾಕ್ಕೆ ಬಂದು ಏಸಿ ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಈ ಕಂಠ ತುಕ್ಕು ಹಿಡಿಯಲಿಲ್ಲ. ಅದಕ್ಕೆ ಕಾರಣ ಟೋಸ್ಟ್. ನಮ್ಮ ಮಂಗಳೂರು ಕಡೆಯ ಕ್ರೈಸ್ತರಲ್ಲಿ ಮದುವೆಯಿರಲಿ, ಮದುವೆಯ ಇಪ್ಪತ್ತೈದನೇ ವರ್ಷವಿರಲಿ, ಊಟಕ್ಕೆ ಮುಂಚೆ ಒಬ್ಬರು ಎದ್ದು ನಿಂತು ದಂಪತಿಯ ಗುಣಗಾನ ಮಾಡಿ, ಕೊಂಕಣಿ ಹಾಡೊಂದನ್ನು ಹೇಳಿ, ಎಲ್ಲರ ಗ್ಲಾಸುಗಳನ್ನೂ ಮೇಲೆತ್ತಿಸಬೇಕು. ಊರಲ್ಲಾದರೆ ಗ್ಲಾಸಿನಲ್ಲಿ ವೈನ್ ಇರುತ್ತದೆ. ಮದ್ಯ ನಿಷಿದ್ಧವಾದ ಸೌದಿಯಲ್ಲಿ ಇರುವುದು ಅಮಲಿಲ್ಲದ ಮಾಲ್ಟ್ ಪಾನೀಯ. ವೈನ್ ಕುಡಿಯುವವರು ಎಂಥ ಹಾಡಿಗೂ ಚಪ್ಪಾಳೆ ತಟ್ಟುತ್ತಾರೆ. ಮಾಲ್ಟ್ ಕುಡಿಯುವವರನ್ನು ಮೆಚ್ಚಿಸಬೇಕಾದರೆ ನಿಜವಾದ ಕಂಠವೇ ಬೇಕು. ಜಿದ್ದಾದ ನಮ್ಮ ಬಳಗದಲ್ಲಿ ವರ್ಷಗಳಿಂದ ಆ ಪೀಠ ನನ್ನದು. ಹೊಸದಾಗಿ ಊರಿಂದ ಬಂದವರಿಗೆ ನನ್ನನ್ನು ಪರಿಚಯಿಸುವಾಗ ಯಾರೂ ಗೋದಾಮಿನ ಮಾತೆತ್ತುವುದಿಲ್ಲ. "ಇವರು ನಮ್ಮ ಟೋಸ್ಟ್‌ನ ಫೆಲಿಕ್ಸ್" ಎನ್ನುತ್ತಾರೆ.

ಇಷ್ಟೆಲ್ಲ ಇದ್ದೂ ನನಗೊಂದು ಕೊರಗಿತ್ತು. ಮಗಳು ರೆನಿಶಾಳಿಗೆ ನನ್ನದೇ ಕಂಠ ಬಂದಿದೆ. ಸ್ನಾನದ ಮನೆಯಿಂದ ಕೇಳಿಸುತ್ತದಲ್ಲ. ಒಂದೇ ಒಂದು ಸಲ ಅವಳು ಟೋಸ್ಟಿನಲ್ಲಿ ನನ್ನ ಪಕ್ಕ ನಿಂತು ಕೊಂಕಣಿಯಲ್ಲಿ ಹಾಡಬೇಕು ಎಂದು ನನ್ನ ಆಸೆ. ಅವಳು ಒಪ್ಪಿದರೆ ತಾನೆ. "ಡ್ಯಾಡಿ, ನಿಮ್ಮ ಕೊಂಕಣಿ ಹಾಡೆಲ್ಲ ಸೇಮ್. ಎಲ್ಲದರಲ್ಲಿಯೂ ಮದುಮಗಳು ಅಳುದು" ಎಂದು ಒಂದೇ ಮಾತಿನಲ್ಲಿ ಒಂದು ಇಡೀ ಪರಂಪರೆಯನ್ನು ಮುಗಿಸಿಬಿಡುತ್ತಿದ್ದಳು.

ಅವಳು ಎಂಟನೆಯ ತರಗತಿಯಲ್ಲಿದ್ದಾಗ, ಹೊಸ ವರ್ಷದ ಮೊದಲ ವಾರ, ನಮ್ಮ ಕಾರಿನಲ್ಲಿ ಹೊಸ ಕಾನೂನೊಂದು ಜಾರಿಗೆ ಬಂತು. ಆ ಕಾಲದಲ್ಲಿ ಅಲ್ಲಿ ಹೆಂಗಸರು ಕಾರು ಓಡಿಸುವಂತಿರಲಿಲ್ಲ. ಹೀಗಾಗಿ ಅಜೀಜಿಯಾ ಬಡಾವಣೆಯ ನಮ್ಮ ಮನೆಯಿಂದ ಹೊರಡುವ ಸಕಲ ಸವಾರಿಗೂ ನಾನೇ ಸಾರಥಿ. ಸ್ಟಿಯರಿಂಗ್ ನನ್ನ ಕೈಯಲ್ಲಿ, ಹಾಡು ಮಾತ್ರ ಮುಂದಿನ ಸೀಟಿನಲ್ಲಿ ಕೂತ ರೆನಿಶಾಳ ಮೊಬೈಲಿನಲ್ಲಿ. ಅಮೆರಿಕದಲ್ಲಿ ಆರ್ ಅಂಡ್ ಬಿ ಅಂದರೆ ರಿದಮ್ ಅಂಡ್ ಬ್ಲೂಸ್ ಎಂಬ ಜಾತಿಯ ಹಾಡುಗಳಿಗೆ ವಾರವಾರ ಸ್ಥಾನ ಕೊಡುತ್ತಾರಂತೆ. ಆ ವಾರ ಯಾವುದು ನಂಬರ್ ಒನ್ನೋ, ಅದು ಕೆಳಗಿಳಿಯುವ ತನಕ ಶಾಲೆಗೆ ಹೋಗುವಾಗ ಅದೇ ಹಾಡು. ವರ್ಷವಿಡೀ. ಗೆಳತಿಯರೊಂದಿಗೆ ಅವಳು ಕಟ್ಟಿದ್ದ ಪಣ ಅದು. ಕಾರಿನ ಮಾಲೀಕನ ಅಭಿಪ್ರಾಯ ಕೇಳುವುದು ಪಣದಲ್ಲಿ ಸೇರಿರಲಿಲ್ಲ.

ಮೊದಮೊದಲು ನಾನು ಹಲ್ಲು ಕಚ್ಚಿಕೊಂಡೆ. ಚಳಿಗಾಲದ ನಂಬರ್ ಒನ್‌ನಲ್ಲಿ ಒಬ್ಬಾಕೆ ಬಿಟ್ಟುಹೋದ ಗೆಳೆಯನಿಗಾಗಿ ಅಳುತ್ತಿದ್ದಳು. ಅವಳನ್ನು ಕೆಳಗಿಳಿಸಿ ಬಂದವನು, ತಾನೇ ಬಿಟ್ಟುಹೋದದ್ದಕ್ಕಾಗಿ ಅಳುತ್ತಿದ್ದ. "ಇದರಲ್ಲಿಯೂ ಅಳುದೇ ಅಲ್ವಾ?" ಎಂದೆ. "ಇವರು ಬೀಟ್‌ಗೆ ಅಳುದು ಡ್ಯಾಡಿ" ಎಂದಳು. ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ ಮಾಂಸದ ಜತೆ ಈ ಹಾಡುಗಳನ್ನೂ ತ್ಯಜಿಸೋಣ ಎಂದು ಭಕ್ತಿಯಿಂದ ಸಲಹೆ ಕೊಟ್ಟೆ. "ನಿಮಗೆ ಕೇಳುದೇ ತಪಸ್ಸು. ನಿಲ್ಲಿಸಿದ್ರೆ ನಿಮಗೆಂತ ಪುಣ್ಯ ಸಿಗ್ತದೆ?" ಎಂದಳು. ಹಿಂದಿನ ಸೀಟಿನಲ್ಲಿದ್ದ ಹಿಲ್ಡಾ ಈ ಧರ್ಮಜಿಜ್ಞಾಸೆಯಲ್ಲಿ ಮಗಳ ಪರ.

ಆದರೆ ಕಂಠವಿದ್ದವನಿಗೆ ಕಿವಿಯೂ ಇರುತ್ತದೆ. ದಾರಿಯಲ್ಲಿ ಮಸೀದಿ ಬಂದಾಗ ಹಾಡಿನ ಸದ್ದು ಇಳಿಸುವುದು, ದಾಟಿದ ಮೇಲೆ ಏರಿಸುವುದು ನನ್ನ ಕೆಲಸವಾಗಿತ್ತು. ಏರಿಸುವಾಗ ಕೈ ತಾನಾಗಿ ಸ್ವಲ್ಪ ಹೆಚ್ಚೇ ತಿರುಗತೊಡಗಿತು. ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ದೊಡ್ಡ ಕಾರಿನ ಕಿಟಕಿ ಇಳಿಯಿತು. ಒಳಗೆ ಥೋಬ್ ಎಂಬ ಬಿಳಿ ನಿಲುವಂಗಿ ತೊಟ್ಟ ಸೌದಿ ಹುಡುಗ, ಅವನ ಕಾರಿನಲ್ಲಿಯೂ ಅದೇ ಹಾಡು, ನಮಗಿಂತ ಒಂದು ಸಾಲು ಮುಂದೆ. ಅವನು ನನ್ನ ಬೋಳುತಲೆ ತಾಳಕ್ಕೆ ಸರಿಯಾಗಿ ಆಡುತ್ತಿರುವುದನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸಿ ಹೊರಟುಹೋದ. ರೆನಿಶಾ ಸೀಟಿನ ಕೆಳಗೆ ಇಳಿದು ಅಡಗಿಕೊಂಡಳು. ನಾನು ಗೋದಾಮಿನ ತನಕ ಎದೆಯುಬ್ಬಿಸಿಕೊಂಡೇ ಹೋದೆ. ಅಲ್ಲಿ ಫಿಲಿಪೀನ್ಸಿನ ಹುಡುಗರು ಕಂಪ್ರೆಸರ್ ಇಳಿಸುತ್ತ ಗುನುಗುತ್ತಿದ್ದ ಹಾಡನ್ನು ಕೇಳಿ, "ಇದು ಹೋದ ತಿಂಗಳೇ ಇಳಿಯಿತು, ಈಗಿನದು ಬೇರೆ" ಎಂದು ತಿದ್ದಿದೆ. ಅಂದಿನಿಂದ ಅವರು ನನಗೆ ಕೊಡುವ ಮರ್ಯಾದೆಯೇ ಬೇರೆಯಾಯಿತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಒಂದು ಹಾಡು ಮೇಲೇರಿ ಕೂತಿತು. ಕೂತದ್ದು ಏಳಲೇ ಇಲ್ಲ. ಅಲ್ಲಿ ಶಾಲೆಯ ವಾರ ಶುರುವಾಗುವ ಭಾನುವಾರ ಬೆಳಿಗ್ಗೆ ಕಾರು ಹತ್ತಿದ ಕೂಡಲೇ ನಾನು "ಇಳಿಯಿತಾ?" ಎನ್ನುವುದು, ಅವಳು "ಇಲ್ಲ" ಎನ್ನುವುದು, ಹಿಲ್ಡಾ ನಿಟ್ಟುಸಿರು ಬಿಡುವುದು. ವಾರದ ಮೇಲೆ ವಾರ ಹೀಗೆಯೇ ನಡೆಯಿತು. ಒಳ್ಳೆಯ ರಾಗ, ಅಲ್ಲವೆನ್ನುವುದಿಲ್ಲ. ಆದರೆ ದಿನಾ ಮಟನ್ ಬಿರಿಯಾನಿಯಾದರೂ ಒಂದು ದಿನ ಗಂಜಿ ಬೇಕು ಅನಿಸುತ್ತದೆ.

ಅದೇ ಹೊತ್ತಿಗೆ ಗೆಳೆಯ ವಾಲ್ಟರನ ಮದುವೆಯ ಇಪ್ಪತ್ತೈದನೇ ವರ್ಷ ಬಂತು. ಊರ ಹೊರಗೆ ಎತ್ತರದ ಗೋಡೆಯ ಇಸ್ತಿರಾಹ, ಅಂದರೆ ವಿಹಾರದ ಮನೆಯೊಂದನ್ನು ಔತಣಕ್ಕಾಗಿ ಬಾಡಿಗೆಗೆ ಹಿಡಿದಿದ್ದ. ಫೋನು ಮಾಡಿ, ಸುತ್ತುಬಳಸಿ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ. "ಫೆಲಿಕ್ಸ್, ಬೇಜಾರು ಮಾಡ್ಬೇಡ ಮಾರಾಯ. ಈ ಸಲ ಮಕ್ಕಳಿಗೆ ಎಂತಾದ್ರೂ ಹೊಸತು ಬೇಕಂತೆ. ನೀನು ಟೋಸ್ಟ್ ಮಾಡು, ಹಾಡು ಸಣ್ಣದು ಸಾಕು." ಹಾಡು ಸಣ್ಣದು ಸಾಕು! ಪೀಠ ಅಲುಗುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಸಣ್ಣದು ಹಾಗಿರಲಿ, ನನಗೆ ಗೊತ್ತಿದ್ದುದರಲ್ಲಿಯೇ ಅತ್ಯಂತ ಉದ್ದದ ಮದುವೆ ಹಾಡನ್ನು ಆರಿಸಿಕೊಂಡೆ. ಅಭ್ಯಾಸಕ್ಕೆ ಸಮಯವಿದ್ದದ್ದು ಕಾರಿನಲ್ಲಿ ಮಾತ್ರ. ಅಲ್ಲಿ ನಂಬರ್ ಒನ್ ಮೊಳಗುತ್ತಿತ್ತು. ಆದ್ದರಿಂದ ನಾನು ಕೊಂಕಣಿಯ ಸಾಲುಗಳನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತ ಕಾರು ಓಡಿಸಿದೆ. ಇದರಲ್ಲಿ ಅಪಾಯವಿದೆ ಎಂದು ಕಂಠದ ಹೆಮ್ಮೆಯಲ್ಲಿದ್ದವನಿಗೆ ಹೊಳೆಯಲಿಲ್ಲ.

ಔತಣದ ದಿನ ಗುಣಗಾನ ಚೆನ್ನಾಗಿಯೇ ಆಯಿತು. ವಾಲ್ಟರನ ಹೆಂಡತಿ ಕಣ್ಣೊರೆಸಿಕೊಂಡಳು. ನಾನು ಗ್ಲಾಸು ಹಿಡಿದು, ಕಣ್ಣು ಮುಚ್ಚಿ, ಹಾಡು ಎತ್ತಿಕೊಂಡೆ. ಎರಡನೆಯ ಸಾಲಿಗೆ ಬರುವಾಗ ಏನೋ ಎಡವಟ್ಟಾಗಿದೆ ಅನಿಸಿತು. ಮಾತೆಲ್ಲ ಸರಿಯಾಗಿಯೇ ಇತ್ತು, ತವರು ಬಿಡುವ ಮದುಮಗಳ ಅದೇ ಕೊಂಕಣಿ ಮಾತು. ರಾಗ ಮಾತ್ರ ನಂಬರ್ ಒನ್‌ನದು. ಹಳೆಯ ರಾಗಕ್ಕೆ ಮರಳಲು ನೋಡಿದೆ, ಸಿಗಲಿಲ್ಲ. ನನ್ನ ಕಾಲು ಬೇರೆ ತಾಳ ಹಾಕತೊಡಗಿತ್ತು. ಹಿರಿಯರು ಗ್ಲಾಸು ಎತ್ತುವುದೋ ಇಳಿಸುವುದೋ ತಿಳಿಯದೆ ನಡುದಾರಿಯಲ್ಲಿ ಹಿಡಿದು ನಿಂತಿದ್ದರು. ಮಕ್ಕಳ ಕಡೆಯಿಂದ ಕಿಸಕ್ಕೆಂದು ನಗು ಬಂತು. ಇಷ್ಟು ವರ್ಷದ ಹೆಸರು ಒಂದು ಹಾಡಿಗೆ ಹೋಯಿತಲ್ಲ ಎಂದುಕೊಂಡು ಸಾಲನ್ನು ಅರ್ಧಕ್ಕೇ ಬಿಟ್ಟೆ.

ಆಗ ಎಲ್ಲಿಂದಲೋ ಚಪ್ಪಾಳೆಯ ತಾಳ ಕೇಳಿಸಿತು. ತಟ್ಟುತ್ತಿದ್ದವಳು ಹಿಲ್ಡಾ. ಮರುಗಳಿಗೆ ನನ್ನ ಪಕ್ಕದಲ್ಲಿ ರೆನಿಶಾ ನಿಂತಿದ್ದಳು. ನಾನು ಬಿಟ್ಟ ಸಾಲನ್ನು ಅವಳು ಎತ್ತಿಕೊಂಡಳು, ಕೊಂಕಣಿಯಲ್ಲಿ, ಒಂದಕ್ಷರ ತಪ್ಪದೆ. ಸೇಮ್ ಎಂದು ಮೂಗು ಮುರಿದ ಹಾಡು ಅವಳಿಗೆ ಪೂರ್ತಿ ಬರುತ್ತಿತ್ತು. ಅಳುವ ಕಡೆ ಸ್ವರವನ್ನು ಮೇಲಕ್ಕೆ ಒಯ್ದು, ಅಲ್ಲಿಯೇ ಸ್ವಲ್ಪ ಆಡಿಸಿ, ಮೆಲ್ಲಗೆ ಇಳಿಸಿದಳು. ನಾನು ಕೆಳಗಿನ ಸ್ವರದಲ್ಲಿ ಜತೆಗೂಡಿದೆ. ಮಕ್ಕಳು ಕುಣಿದರು, ವಾಲ್ಟರನೂ ಸೊಂಟ ಕುಣಿಸಿದ, ಗ್ಲಾಸುಗಳೆಲ್ಲ ಒಟ್ಟಿಗೆ ಮೇಲೇರಿದವು. ಹೆಮ್ಮೆಯೆಂದರೆ ಏನೆಂದು ನನಗೆ ಅಂದು ಗೊತ್ತಾಯಿತು. ಅಲ್ಲಿಯ ತನಕ ನಾನು ಪಟ್ಟದ್ದೆಲ್ಲ ಬರೀ ಅಭ್ಯಾಸ.

ಮರುವಾರ ಆ ಹಾಡು ನಂಬರ್ ಒನ್ ಸ್ಥಾನದಿಂದ ಇಳಿಯಿತು. ಇಳಿಯಲಿ ಎಂದು ಅಷ್ಟು ಹರಕೆ ಹೊತ್ತವನಿಗೆ ಯಾಕೋ ಮನೆಯವರೇ ಊರಿಗೆ ಹೋದಂತೆ ಬಿಕೋ ಎನಿಸಿತು. "ಕಡೆಯ ಸಲ ಒಮ್ಮೆ ಹಾಕು" ಎಂದು ಕಾರಿನಲ್ಲಿ ಮಗಳನ್ನು ಬೇಡಿಕೊಂಡೆ. ಕಾನೂನು ಎಂದರೆ ಕಾನೂನು ಎಂದಳು. ಅಷ್ಟರಲ್ಲಿ ಫೋನು ಬಂತು. ಕ್ರಿಸ್‌ಮಸ್ ಮುಗಿದ ವಾರ ತನ್ನ ತಮ್ಮನ ನಿಶ್ಚಿತಾರ್ಥ ಇದೆ ಎಂದ ವಾಲ್ಟರ್. ಟೋಸ್ಟಿಗೆ ತಾನೆ, ಖಂಡಿತ ಬರುತ್ತೇನೆ ಎಂದೆ. "ಟೋಸ್ಟ್‌ಗೆ ರೆನಿಶಾ ಬರ್ಲಿ. ನೀನೂ ಬಾ ಮಾರಾಯ" ಎಂದ. "ಅವಳನ್ನು ಕರ್ಕೊಂಡು ಬರ್ಲಿಕ್ಕೆ ಯಾರಾದ್ರೂ ಕಾರು ಓಡಿಸ್ಬೇಕಲ್ಲ."

ಫೋನಿನ ಸ್ಪೀಕರು ತೆರೆದಿತ್ತು. ರೆನಿಶಾ ನನ್ನ ತೋಳು ಮುಟ್ಟಿ, "ಬೇಜಾರು ಮಾಡ್ಬೇಡಿ ಡ್ಯಾಡಿ. ಅಷ್ಟು ವರ್ಷ ಯಾರೂ ನಂಬರ್ ಒನ್ ಇರುದಿಲ್ಲ. ನಂಬರ್ ಟೂ ಕೂಡ ಒಳ್ಳೇ ಪೊಸಿಷನ್" ಎಂದಳು.

"ಟೂ ನಾನು" ಎಂಬ ದನಿ ಹಿಂದಿನ ಸೀಟಿನಿಂದ ಬಂತು. "ಅವತ್ತು ಮೊದಲು ಚಪ್ಪಾಳೆ ತಟ್ಟಿದ್ದು ಯಾರು?"

ಕಾರು ಮಸೀದಿ ದಾಟಿತ್ತು. ಮೂರನೆಯ ಸ್ಥಾನದಲ್ಲಿದ್ದ ನಾನು ಹೊಸ ಹಾಡಿನ ಸದ್ದು ಏರಿಸಿ, ಇಂಡಿಕೇಟರ್ ಹಾಕಿ, ಶಾಲೆಯ ಕಡೆಗೆ ಕಾರು ತಿರುಗಿಸಿದೆ.